ಗಿಟಾರಿಲ್ಲದ ಸಂಜೆಗೆ

ಮೂಳೆ ಡಾಕ್ಟರ ಕೋಣೆಯ ಹೊರಗೆ ದರ್ಜಿಯೊಬ್ಬ ಸರದಿಗೆ ಕಾಯುತ್ತಿದ್ದ. ಪಕ್ಕದ ಬೆಂಚಿನಲ್ಲಿ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಅಣ್ಣ, ಜೊತೆಗೆ ತಂಗಿ.

"ಸಂಜೆ ಕಾರ್ಯಕ್ರಮ ರದ್ದು ಮಾಡಿಲ್ವಾ?" ಎಂದ ಅಣ್ಣ.

"ಇಲ್ಲಣ್ಣ. ನಿನ್ನ ಗಿಟಾರಿನ ಭಾಗನೂ ನನ್ನ ಬೇಸ್ ಗಿಟಾರಲ್ಲೇ ನುಡಿಸ್ತೀನಿ. ಕಾಲಲ್ಲಿ ಒತ್ತೋ ಎರಡು ಪೆಡಲ್ ತಂದಿದ್ದೀನಿ. ಆಕ್ಟೇವ್ ಒತ್ತಿದ್ರೆ ಅದೇ ಸ್ವರ ಮೇಲಿನ ಸ್ಥಾಯಿಲೂ ಕೇಳುತ್ತೆ. ಓವರ್‌ಡ್ರೈವ್ ಅದನ್ನ ಒರಟು ಮಾಡುತ್ತೆ."

"ಇಬ್ರು ನುಡಿಸಿದ ಹಾಗಿರುತ್ತಾ?"

"ಹೆಚ್ಚುಕಮ್ಮಿ."

"ಹಾಗಾದ್ರೆ ನನ್ನ ಕೈ ವಾಸಿಯಾಗ್ಲಿ ಅಂತ ಯಾರಿಗೂ ಅವಸರ ಇಲ್ಲ ಅನ್ನು."

ದರ್ಜಿಗೆ ಎದ್ದು ಬೇರೆಡೆ ಕೂರೋಣ ಎನಿಸಿತು.

"ಯಾವ ಪೆಡಲ್ ಮೊದಲು ಜೋಡಿಸಿದ್ದೀಯ?" ಅಣ್ಣನೇ ಕೇಳಿದ.

"ಓವರ್‌ಡ್ರೈವ್."

"ಆಕ್ಟೇವ್ ಮೊದಲಿಡು. ಸ್ವರ ಶುದ್ಧವಾಗಿ ಸಿಗದಿದ್ರೆ ಅದು ತಡವರಿಸುತ್ತೆ."

ಅಷ್ಟರಲ್ಲಿ ನರ್ಸ್ ಅಣ್ಣನನ್ನು ಕರೆದರು.

"ನೀನು ಹೊರಡು, ಹೋಗಿ ಒಂದ್ಸಲ ನುಡಿಸಿ ನೋಡ್ಕೋ," ಎನ್ನುತ್ತಾ ಅಣ್ಣ ಒಬ್ಬನೇ ಒಳಗೆ ಹೋದ.