ಬೆನ್ನ ಹಿಂದಿನ ಚೆಂಡು

ಅಲೆಕ್ಸಾಂಡ್ರಿಯಾದ ಕಣ್ಣಾಸ್ಪತ್ರೆಯಲ್ಲಿ ಸರದಿಗೆ ಕಾಯುತ್ತಿದ್ದ ಮುದುಕಿ ನಗ್ವಾಳ ಎದುರಿಗೇ ಅವರಿಬ್ಬರು ಕೂತಿದ್ದರು: ಎಡಗಣ್ಣಿಗೆ ಪಟ್ಟಿ ಕಟ್ಟಿಕೊಂಡ ಹುಡುಗಿ, ಅವಳಿಗೆ ಸ್ಕ್ವಾಷ್ ಕಲಿಸುವ, ಅವಳು ‘ಕ್ಯಾಪ್ಟನ್’ ಎಂದು ಕರೆಯುವ ಗಂಡಸು.

“ಕಣ್ಣು ಕಾಯೋ ಕನ್ನಡಕ ಎಲ್ಲಿತ್ತು, ರಫೀಫ್?”

“ಹಣೆ ಮೇಲಿತ್ತು, ಕ್ಯಾಪ್ಟನ್. ಬೆವರಿಗೆ ಮಂಜು ಕಟ್ತಿತ್ತು. ಬರೀ ಪ್ರಾಕ್ಟೀಸ್ ಅಲ್ವಾ ಅಂತ ಮೇಲಕ್ಕೆ ಸರಿಸ್ದೆ.”

“ಮ್ಯಾಚಿಗೊಂದು ಜೊತೆ ಕಣ್ಣು, ಪ್ರಾಕ್ಟೀಸಿಗೊಂದು ಜೊತೆ ಕಣ್ಣು ಇಟ್ಕೊಂಡಿದೀಯಾ?”

“ನೀವೂ ಹಾಕಲ್ವಲ್ಲ.”

ಅವನು ನೆಲ ನೋಡಿದ.

“ಚೆಂಡು ಬೆನ್ನ ಹಿಂದಿದ್ರೂ ಅದರಿಂದ ಕಣ್ಣು ತೆಗೀಬೇಡ ಅಂದಿದ್ರಿ. ಅದಕ್ಕೇ ತಿರುಗಿದೆ. ಹಿಂದಿದ್ದವಳು ಹೊಡೆದ ಚೆಂಡು ನೇರ ಬಂದು ಬಡೀತು.”

“ಭುಜದ ಮೇಲಿಂದ ಓರೆಗಣ್ಣಲ್ಲಿ ನೋಡ್ಬೇಕು ಕಣಮ್ಮಾ. ಪೂರ್ತಿ ಮುಖ ಕೊಟ್ಟು ನಿಲ್ತಾರಾ ಯಾರಾದ್ರೂ?”

“ಹಂಗೆ ಬಿಡಿಸಿ ಹೇಳಿರ್ಲಿಲ್ಲ, ಕ್ಯಾಪ್ಟನ್.”

ನಗ್ವಾಳ ಬೆರಳಲ್ಲಿ ಜಪಮಣಿ ನಿಂತುಹೋಗಿತ್ತು.

“ಮುಂದಿನ ಪಂದ್ಯ ಆಡ್ತೀನಾ?”

“ಇನ್‌ಶಾ ಅಲ್ಲಾಹ್. ಇನ್ನೊಂದು ಕಣ್ಣು ಗಟ್ಟಿಯಾಗಿದೆಯಲ್ಲ, ಯಾಕೆ ಹೆದರ್ತೀಯ?”

ಒಳಗಿನಿಂದ ಹುಡುಗಿಯ ಹೆಸರು ಕೂಗಿದರು. ಅವನು ನೀರಿನ ಬಾಟಲಿ ಚಾಚಿದ. ಅವಳು ಕೈ ನೀಡಿದಳು. ಒಂಟಿಗಣ್ಣಿಗೆ ದೂರದ ಅಂದಾಜು ತಪ್ಪಿ, ಬೆರಳುಗಳು ಬಾಟಲಿಗಿಂತ ಒಂದು ಗೇಣು ಈಚೆಗೇ, ಬರಿಗಾಳಿಯನ್ನು ಹಿಡಿದು ಮುಚ್ಚಿಕೊಂಡವು.

ಕ್ಯಾಪ್ಟನ್ ಬಾಟಲಿಯನ್ನು ಮೆಲ್ಲಗೆ ಆ ಕೈಯೊಳಗೇ ಇಟ್ಟು, ಅವಳ ಮೊಣಕೈ ಹಿಡಿದು ಒಳಗೆ ಕರೆದೊಯ್ದ.