ಒಂಬತ್ತನೇ ಲೆಕ್ಕ

ಜೆರಾಕ್ಸ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರು ಟೀಚರುಗಳು. ನಾಳೆ ನಿವೃತ್ತಿಯಾಗುವ ಹಿರಿಯರು, ಕತೆಯ ಅಜ್ಜಿ ನಿಧಿಯ ಕೀಲಿ ಕೊಡುವ ಹಾಗೆ, ಏಳನೇ ಕ್ಲಾಸಿನ ಲೆಕ್ಕದ ಹಾಳೆಗಳನ್ನು ಕಿರಿಯಳಿಗೆ ಒಪ್ಪಿಸಿದ್ದರು.

“ಒಂಬತ್ತನೇ ಲೆಕ್ಕದ ಉತ್ತರ ತಪ್ಪಿತ್ತು ಟೀಚರ್. ತಿದ್ದಿಬಿಟ್ಟೆ.”

“ಅಯ್ಯೋ ಮಗಳೇ! ಅದು ಬೇಕಂತಲೇ ಮಾಡಿದ್ದು. ಟೀಚರ್ ಮಾಡಿದ ತಪ್ಪು ಹಿಡಿದ ದಿನವೇ ಮಕ್ಕಳಿಗೆ ಲೆಕ್ಕದ ಭಯ ಬಿಡೋದು.”

“ನಿಮ್ಮ ಕ್ಲಾಸಲ್ಲಿದ್ದಾಗಲೇ ನನಗೆ ಕಂಡಿತ್ತು. ಹೇಳೋಕೆ ಧೈರ್ಯ ಬರಲಿಲ್ಲ.”

“ಗೊತ್ತು ಕಣೇ. ಪೆನ್ಸಿಲ್ ಕಚ್ಚಿಕೊಂಡು ನನ್ನ ಮುಖವನ್ನೇ ನೋಡ್ತಿದ್ದೆ. ಬಾಯಿ ಬಿಡ್ತೀಯ ಅಂತ ನಾನು ವರ್ಷವೆಲ್ಲ ಕಾದೆ.”

ಕಿರಿಯಳು ಹಾಳೆಯಲ್ಲಿ ತಾನು ತಿದ್ದಿದ್ದ ಉತ್ತರದ ಮೇಲೆ ಬೆರಳಿಟ್ಟಳು.

“ಹಳೇ ಉತ್ತರವನ್ನೇ ಮತ್ತೆ ಬರೀಲಾ?”

“ಬೇಡ. ಆ ತಪ್ಪನ್ನ ಅಕ್ಕಂದಿರು ತಂಗಿಯರಿಗೆ ಹೇಳಿಕೊಟ್ಟಾಗಿದೆ. ನಿಂದೇ ಒಂದು ತಪ್ಪು ಮಾಡು.”

ಇಬ್ಬರೂ ಸಾಲು ಬಿಟ್ಟು, ಹಾಳೆ ಹಿಡಿದು, ಬಿಸಿಲಿದ್ದ ಮೆಟ್ಟಿಲ ಕಡೆ ನಡೆದರು.