ದೊಡ್ಡಮ್ಮ ಬಾಯಿ ಮುಚ್ಚಿ ಕೂತ ದಿನ

ಒಂದೂರಿನಲ್ಲಿ ಒಬ್ಬ ಸಾಹುಕಾರ ಒಂದು ಆಸ್ಪತ್ರೆ ಕಟ್ಟಿಸಿದ್ದ. ಇದು ಅವನ ಕಥೆಯಲ್ಲ. ಅವನ ಹೆಸರು ಕಲ್ಲಿನ ಮೇಲಿದೆ, ಅಲ್ಲೇ ಇರಲಿ. ಇದು ಅಲ್ಲಿನ ಹಿರಿಯ ನರ್ಸಿನ ಕಥೆ. ಮೂವತ್ತು ವರ್ಷದ ಸರ್ವೀಸು. ಡಾಕ್ಟರರಿಂದ ಹಿಡಿದು ಆಯಾವರೆಗೆ ಎಲ್ಲರೂ ಅವರನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಯಾವ ರೋಗಿಗೆ ಯಾವ ಇಂಜೆಕ್ಷನ್ ಒಗ್ಗುವುದಿಲ್ಲ, ಯಾರಿಗೆ ಸಕ್ಕರೆ ಕಾಯಿಲೆ, ಎಲ್ಲ ಅವರ ತಲೆಯಲ್ಲೇ. ಯಾರು ತಡವರಿಸಿದರೂ ದೊಡ್ಡಮ್ಮನನ್ನು ಕೇಳು ಎಂದರೆ ಮುಗಿಯಿತು. ಹಾಗೆ ಕೇಳಿಸಿಕೊಳ್ಳುವುದು ಅವರಿಗೂ ಒಳಗೊಳಗೇ ಖುಷಿ. ಯಾರಿಗೆ ಖುಷಿಯಾಗುವುದಿಲ್ಲ, ಹೇಳಿ?

ಕಾಲ ಬದಲಾಯಿತು, ಕಂಪ್ಯೂಟರ್ ಬಂತು. ರೋಗಿಗಳೆಲ್ಲರ ವಿವರ ಅದರಲ್ಲಿ ತುಂಬಬೇಕು, ನೋಡಿಯೇ ಔಷಧಿ ಕೊಡಬೇಕು ಎಂದಾಯಿತು. ಮೂರು ದಿನ ತರಬೇತಿ. ಎಲ್ಲರೂ ಹೋದರು, ಉಪ್ಪಿಟ್ಟು ಕೇಸರಿಬಾತು ತಿಂದರು, ಸಹಿ ಹಾಕಿದರು, ಬಂದು ಮತ್ತೆ ದೊಡ್ಡಮ್ಮನನ್ನೇ ಕೇಳಿದರು. ದೊಡ್ಡಮ್ಮನೂ ಹೇಳಿದರು. ಸಿಬ್ಬಂದಿಯ ವಿವರವನ್ನೂ ತುಂಬಬೇಕಿತ್ತು. ಎಲ್ಲರದೂ ತುಂಬಿತು, ದೊಡ್ಡಮ್ಮನದು ಮಾತ್ರ ಖಾಲಿ. ಅವರು ಇಲ್ಲೇ ಇದ್ದಾರಲ್ಲ, ಬೇಕಾದಾಗ ಕೇಳಿದರಾಯಿತು ಎಂದುಕೊಂಡರು. ನೋಡಿ, ಪ್ರೀತಿ ನಮ್ಮನ್ನು ಎಷ್ಟು ಸೋಮಾರಿ ಮಾಡುತ್ತದೆ.

ಒಂದು ಬೆಳಿಗ್ಗೆ ವಾರ್ಡಿನಲ್ಲೇ ದೊಡ್ಡಮ್ಮ ಕುಸಿದು ಬಿದ್ದರು. ಮೂರು ದಿನದ ಜ್ವರವನ್ನು ಮುಚ್ಚಿಟ್ಟುಕೊಂಡೇ ಕೆಲಸ ಮಾಡಿದ್ದರು. ಕಣ್ಣು ತೆರೆದಿತ್ತು, ಕಿವಿ ಕೇಳುತ್ತಿತ್ತು, ನಾಲಿಗೆ ಮಾತ್ರ ಏಳಲಿಲ್ಲ. ಡಾಕ್ಟರರು ಇಂಜೆಕ್ಷನ್ ತುಂಬಿಸಿಕೊಂಡವರು ಒಂದು ಕ್ಷಣ ತಡೆದು, ಇವರಿಗೆ ಇದು ಒಗ್ಗುತ್ತದೆಯೇ ಎಂದು ಕೇಳಿದರು. ಕಂಪ್ಯೂಟರಿನಲ್ಲಿ ಏನೂ ಇಲ್ಲ. ಆಗ ಒಬ್ಬ ನರ್ಸ್ ಏನು ಮಾಡಿದಳು ಗೊತ್ತೇ? ಅಭ್ಯಾಸಬಲದಿಂದ ಮಂಚದ ಕಡೆಗೇ ಬಾಗಿದಳು.

"ದೊಡ್ಡಮ್ಮಾ, ನಿಮಗೆ ಯಾವ ಇಂಜೆಕ್ಷನ್ ಆಗಲ್ಲ?"

ಸಿರಿಂಜಿನಲ್ಲಿದ್ದದ್ದೇ ಆಗದ ಔಷಧಿ. ಅದು ದೊಡ್ಡಮ್ಮನಿಗೆ ಗೊತ್ತು. ಆ ಕೋಣೆಯಲ್ಲಿ ಅವರೊಬ್ಬರಿಗೇ ಗೊತ್ತು. ಹೇಳಲಾಗದೆ ಕಣ್ಣಲ್ಲಿ ನೀರು ಬಂತು. ಸಾಯುವ ಭಯಕ್ಕಲ್ಲ. ಈ ಮಕ್ಕಳ ಕೈಯಿಂದಲೇ ಹೋಗುತ್ತೇನಲ್ಲ, ಆಮೇಲೆ ಇವರು ಹೇಗೆ ಬದುಕಿಯಾರು ಎಂಬ ಸಂಕಟ. ಡಾಕ್ಟರರು ಕೈ ಹಿಂದೆ ತೆಗೆದರು. ಬೇರೆ ಊರಿನಲ್ಲಿದ್ದ ದೊಡ್ಡಮ್ಮನ ತಂಗಿಗೆ ಫೋನು ಸಿಕ್ಕಿ, ಉತ್ತರ ಬಂದು, ಬೇರೆ ಔಷಧಿ ಕೊಡುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಯಿತು. ಪುಣ್ಯ, ಜೀವ ಉಳಿಯಿತು.

ದೊಡ್ಡಮ್ಮ ಎದ್ದು ಕೂತ ದಿನ ಎಲ್ಲರೂ ಅಳುತ್ತಾ ಬಂದು ಸುತ್ತ ನಿಂತರು.

"ತಪ್ಪು ನಂದು ಕಣ್ರಪ್ಪಾ. ಕೇಳಿದ್ದಕ್ಕೆಲ್ಲ ಹೇಳ್ತಾ ಹೋದೆ. ಒಂದಿನಾನೂ ನೀವೇ ನೋಡ್ಕೊಳ್ಳಿ ಅನ್ನಲಿಲ್ಲ."

ಅಂದಿನಿಂದ ವಾರಕ್ಕೊಂದು ದಿನ ಅವರು ವಾರ್ಡಿನ ಬೆಂಚಿನ ಮೇಲೆ ಬಾಯಿ ಮುಚ್ಚಿ ಕೂರುತ್ತಿದ್ದರು. ಏನು ಕೇಳಿದರೂ ಉತ್ತರವಿಲ್ಲ. ಮೊದಲ ವಾರ ಎಲ್ಲರೂ ಪರದಾಡಿದರು. ಕಂಪ್ಯೂಟರ್ ಕೈಗೆ ಒಗ್ಗಿತು ಎನ್ನುವಾಗ ಒಂದು ದಿನ ಅದನ್ನೂ ಆರಿಸಿ, ಈಗ ನಡೆಸಿ ಎಂದು ಕೈಸನ್ನೆ ಮಾಡಿದರು. ವಿವರವನ್ನೆಲ್ಲ ಕಾಗದದಲ್ಲೂ ಬರೆದಿಟ್ಟುಕೊಂಡು ಅದನ್ನೂ ಕಲಿತರು. ನಾಲಿಗೆ ತುದಿಗೆ ಬಂದ ಉತ್ತರವನ್ನು ನುಂಗಿಕೊಂಡು ಕೂರುವುದು ದೊಡ್ಡಮ್ಮನಿಗೆ ಜ್ವರಕ್ಕಿಂತ ಕಷ್ಟವಾಗಿತ್ತು. ಆದರೂ ಕೂತರು.

ಈ ಸಭೆಯ ಮುಂದಿನ ಸಾಲಿನಲ್ಲಿ ಆಸ್ಪತ್ರೆಯವರು ಕೂತಿದ್ದೀರಿ, ಈ ಮಾತು ನಿಮಗೆ ತಲುಪಿರಬೇಕು. ಹಿಂದಿನವರು ನಗಬೇಡಿ. ನಿಮ್ಮ ಮನೆಯ ದೊಡ್ಡಮ್ಮ ಯಾರು? ಅಪ್ಪನ ಬಿಪಿ ಮಾತ್ರೆ ಯಾವುದು, ಮಗುವಿಗೆ ಯಾವ ಔಷಧಿ ಒಗ್ಗುವುದಿಲ್ಲ, ಹೆಂಡತಿಯನ್ನು ಕೇಳದೆ ಹೇಳಬಲ್ಲಿರಾ? ಹೋಗಲಿ, ಆ ಹೆಂಡತಿಗೆ ಏನು ಒಗ್ಗುವುದಿಲ್ಲ, ಅದಾದರೂ ಗೊತ್ತೇ? ಗೊತ್ತಿಲ್ಲದಿದ್ದರೆ ನಾಳೆ ಕಾಫಿ ಕುಡಿಯುವ ಮುಂಚೆ ಆಕೆಯ ಎದುರು ಕೂತು, ಕೇಳಿ, ಬರೆದು, ಗೋಡೆಗೆ ಅಂಟಿಸಿ. ಭಾನುವಾರ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಮನೆಯನ್ನು ನೀವು ನಡೆಸಿ. ಬದಲಾವಣೆ ನಮಗೆ ಹೇಳಿ ಬರುವುದಿಲ್ಲ. ಆಕೆ ಉತ್ತರ ಹೇಳಲಾಗದ ದಿನ ಬರುವ ಮುಂಚೆಯೇ ಕೇಳಿಬಿಡಿ.